ಮಿನ್ನೆಸೋಟದಲ್ಲಿ ಎಂಟು ದಿನ: ಹಾಕಿ, ಓಟು, ಮತ್ತೆ ನನ್ನ ಎಡಗೈ

ಶನಿವಾರ, ಮಾರ್ಚ್ 2, 2024

ನಾನು ಮೂವತ್ತೈದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಊರು ಸೋಮವಾರಪೇಟೆ ಪಕ್ಕ. ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಬಂದ ಜಾಗ ಅಂದರೆ ಹಾಕಿ ನೋಡುವವರಿಗೆ ಗೊತ್ತಾಗುತ್ತದೆ. ಮಗ ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿದ್ದಾನೆ. ನಾನು, ನನ್ನ ಹೆಂಡತಿ ಫೆಬ್ರವರಿಯಲ್ಲಿ ಅಲ್ಲಿಗೆ ಹೋದೆವು. ಆರು ವಾರ ಇದ್ದರೂ ಬರೆಯಬೇಕು ಅನ್ನಿಸಿದ್ದು ಈ ಎಂಟು ದಿನದ ಬಗ್ಗೆ ಮಾತ್ರ. ಆಗಲೇ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದೆ, ಈಗ ಅದನ್ನು ನೋಡಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮೊಮ್ಮಗನ ಜೊತೆ ಕೋಮೋ ಕೆರೆ ಸುತ್ತ ನಡೆದೆವು. ಮಾರ್ಚ್ ಮೊದಲ ವಾರದಲ್ಲಿ ಈ ಕೆರೆ ಮೇಲೆ ಜನ ನಡೆದಾಡುವಷ್ಟು ಮಂಜುಗಡ್ಡೆ ಇರಬೇಕಂತೆ. ನಾವು ಹೋದಾಗ ನೀರು ಸುಮ್ಮನೆ ಹೊಳೆಯುತ್ತಿತ್ತು. ಜನ ಟೀ ಶರ್ಟ್ ಹಾಕಿಕೊಂಡು ಓಡುತ್ತಿದ್ದರು. ಆ ಚಳಿಗಾಲ ಅಲ್ಲಿನ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಉತ್ತರದಲ್ಲಿ ಪ್ರತಿವರ್ಷ ನಡೆಯುವ ನಾಯಿಬಂಡಿ ಓಟವನ್ನೂ ಹಿಮ ಇಲ್ಲ ಅಂತ ರದ್ದು ಮಾಡಿದ್ದರು.

ಇದರಿಂದ ಏನು ನಷ್ಟ ಅಂತ ಮೊಮ್ಮಗ ಪಾರ್ಕಿಗೆ ಕರೆದುಕೊಂಡು ಹೋಗಿ ತೋರಿಸಿದ. ಅದು ಐಸ್ ಹಾಕಿ ಆಡುವ ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳ. ಈಗ ಸುತ್ತ ಮರದ ಹಲಗೆಯ ಬೇಲಿ, ಮಧ್ಯೆ ಒದ್ದೆ ಹುಲ್ಲು. ಚಳಿ ಬಂದ ಕೂಡಲೇ ನಗರದವರೇ ಬಂದು ಇಲ್ಲಿ ನೀರು ಬಿಟ್ಟು ಹೆಪ್ಪುಗಟ್ಟಿಸುತ್ತಾರೆ, ರಾತ್ರಿ ದೀಪ ಹಾಕುತ್ತಾರೆ, ಪಕ್ಕದಲ್ಲೇ ಮೈ ಬೆಚ್ಚಗೆ ಮಾಡಿಕೊಳ್ಳೋಕೆ ಒಂದು ಕೋಣೆ. ದುಡ್ಡಿಲ್ಲ, ಟಿಕೆಟ್ಟಿಲ್ಲ, ಯಾವ ಮಗು ಬೇಕಾದರೂ ಬಂದು ಆಡಬಹುದು. 'ಈ ಸಲ ಸರಿಯಾಗಿ ಆಡೋಕೇ ಆಗಲಿಲ್ಲ ತಾತ' ಅಂದ. ಅವನಿಗೆ ಹತ್ತು ವರ್ಷ. ಆ ಖಾಲಿ ರಿಂಕ್ ನೋಡಿದಾಗ ಮಳೆಗಾಲದಲ್ಲಿ ಕೆಸರಾದ ನಮ್ಮ ಶಾಲೆ ಮೈದಾನವೇ ಕಣ್ಣ ಮುಂದೆ ಬಂತು. ಮೈದಾನ ಹೋದರೆ ಮೊದಲು ಆಟ ಬಿಡುವುದು ದುಡ್ಡಿಲ್ಲದ ಮನೆ ಮಕ್ಕಳು.

ಭಾನುವಾರ, ಮಾರ್ಚ್ 3

ಇವತ್ತು ಒಳಾಂಗಣ ರಿಂಕ್. ಇದು ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲಾ ಪಂಚಾಯ್ತಿ ಒಂದು ಕ್ರೀಡಾಂಗಣ ನಡೆಸಿದ ಹಾಗೆ ಅಂದುಕೊಳ್ಳಿ. ಈ ರಾಜ್ಯದಲ್ಲಿ ಹಾಕಿ ಹೀಗೆ ಬೆಳೆದಿದ್ದಕ್ಕೆ ಸರ್ಕಾರದ ದುಡ್ಡೂ ಒಂದು ಕಾರಣ ಅಂತ ಅಲ್ಲಿ ಕೋಚ್ ಆಗಿದ್ದ ಒಬ್ಬರು ತಂದೆ ಹೇಳಿದರು. 1994ರಲ್ಲಿ ಹೈಸ್ಕೂಲ್ ಹುಡುಗಿಯರ ಐಸ್ ಹಾಕಿಗೆ ಅಮೆರಿಕದಲ್ಲೇ ಮೊದಲು ಮಾನ್ಯತೆ ಕೊಟ್ಟಿದ್ದು ಮಿನ್ನೆಸೋಟ. ಹುಡುಗಿಯರೂ ಆಡಲು ಬಂದ ಮೇಲೆ ಇರುವ ರಿಂಕ್ ಸಾಲದಾಯಿತು. ಮರುವರ್ಷ ರಾಜ್ಯ ಸರ್ಕಾರ 'ಮೈಟಿ ಡಕ್ಸ್' ಅನ್ನೋ ಹೆಸರಲ್ಲಿ ಅನುದಾನ ಇಟ್ಟು ಊರೂರಿಗೆ ರಿಂಕ್ ಕಟ್ಟಲು ಸಹಾಯ ಮಾಡಿತು. ನನಗೆ ಇದು ತುಂಬ ಹಿಡಿಸಿತು. ಹುಡುಗಿಯರೂ ಆಡಬೇಕು ಅಂತ ಭಾಷಣ ಮಾಡೋದು ಸುಲಭ, ಅದಕ್ಕೆ ಜಾಗ ಕಟ್ಟಿಕೊಡೋದು ಬೇರೆ ಮಾತು.

ಆಟ ಭಾರೀ ವೇಗ. ಗೋಲ್‌ಕೀಪರ್ ಸೇರಿ ಒಂದು ತಂಡಕ್ಕೆ ಆರು ಜನ. ಮುಕ್ಕಾಲು ನಿಮಿಷ, ಒಂದು ನಿಮಿಷ ಜೀವ ಬಿಟ್ಟು ಓಡುತ್ತಾರೆ, ಬೇಲಿ ಹಾರಿ ಹೊರಗೆ ಬರುತ್ತಾರೆ, ಬೇರೆಯವರು ಒಳಗೆ ಹೋಗುತ್ತಾರೆ. ಆಟ ನಿಲ್ಲುವುದೇ ಇಲ್ಲ. ಸ್ಟಿಕ್ಕಿನ ಎರಡೂ ಬದಿಯಿಂದ ಹೊಡೆಯಬಹುದು. ಇದಂತೂ ನನ್ನ ಕಣ್ಣಿಗೆ ಒಗ್ಗಲೇ ಇಲ್ಲ. ನಮ್ಮ ಹಾಕಿಯಲ್ಲಿ ಚಪ್ಪಟೆ ಬದಿಯಿಂದ ಮಾತ್ರ ಹೊಡೆಯಬೇಕು, ಉಬ್ಬಿದ ಬದಿ ತಾಗಿದರೆ ತಪ್ಪು. ನಾನು ಎಷ್ಟು ಸಾವಿರ ಸಲ 'ಬ್ಯಾಕ್ ಸ್ಟಿಕ್' ಅಂತ ಪೀಪಿ ಊದಿಲ್ಲ!

ಆದರೆ ಖರ್ಚು? ಸ್ಕೇಟ್ಸ್, ಹೆಲ್ಮೆಟ್, ಪ್ಯಾಡ್, ಸ್ಟಿಕ್, ರಿಂಕಿನ ಗಂಟೆ ಬಾಡಿಗೆಯಲ್ಲಿ ಪಾಲು, ಬೇರೆ ಊರಿನ ಪಂದ್ಯಕ್ಕೆ ಹೋಟೆಲ್. ಮಗನಿಗೆ ಒಂದು ಸೀಸನ್‌ಗೆ ಎರಡು ಸಾವಿರ ಡಾಲರ್ ಮೇಲೆ ಬೀಳುತ್ತದೆ. ರಿಂಕ್ ಸಾರ್ವಜನಿಕರದ್ದಾದರೂ ಒಳಗೆ ಆಡುವುದು ಉಳ್ಳವರ ಮಕ್ಕಳೇ ಜಾಸ್ತಿ. ನೆನ್ನೆ ನೋಡಿದ ಕರಗಿದ ರಿಂಕ್ ಯಾಕೆ ಅಷ್ಟು ಮುಖ್ಯ ಅಂತ ಆಗ ಪೂರ್ತಿ ಅರ್ಥವಾಯಿತು.

ಆಮೇಲೆ ಎಲ್ಲರಿಗೂ ಸ್ಕೇಟ್ ಮಾಡಲು ಬಿಟ್ಟರು. ನಾನೂ ಬಾಡಿಗೆ ಸ್ಕೇಟ್ಸ್ ಕಟ್ಟಿಕೊಂಡು ಇಳಿದೆ. ಹತ್ತು ನಿಮಿಷ ಚೆನ್ನಾಗಿಯೇ ಇದ್ದೆ. ಹಿಂದಿನಿಂದ ಒಂದು ಪುಟ್ಟ ಮಗು ಬಂದು ತಾಗಿತು, ಅದನ್ನು ಬೀಳದಂತೆ ಹಿಡಿಯಲು ಹೋಗಿ ಎಡಗೈ ಊರಿ ಬಿದ್ದೆ. ಮಗುವಿಗೆ ಏನೂ ಆಗಲಿಲ್ಲ. ನನ್ನ ಮಣಿಕಟ್ಟು ಸಂಜೆಯ ಹೊತ್ತಿಗೆ ಊದಿಕೊಂಡಿತು.

ಸೋಮವಾರ, ಮಾರ್ಚ್ 4

ಹೆಂಡತಿ ರಾತ್ರಿಯಿಡೀ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದಳು. 'ರೀ, ಮುರಿದಿದ್ರೆ ಏನು ಗತಿ, ತೋರಿಸ್ಕೊಂಡು ಬನ್ನಿ' ಅಂತ ಬೆಳಿಗ್ಗೆ ಹಟ ಮಾಡಿದಳು. ಮಗ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಜಾಗ ಚೊಕ್ಕ, ನರ್ಸಮ್ಮ ಪ್ರೀತಿಯಿಂದ ಮಾತಾಡಿಸಿದರು. ಎಕ್ಸ್‌ರೇ ಅರ್ಧ ಗಂಟೆಯಲ್ಲಿ ಆಯಿತು. ಮೂಳೆ ಮುರಿದಿಲ್ಲ, ಉಳುಕು, ಪಟ್ಟಿ ಹಾಕಿಕೊಳ್ಳಿ ಅಂದರು.

ನಾನು ಕೌಂಟರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: 'ಎಷ್ಟಾಗುತ್ತೆ?' ಯಾರಿಗೂ ಉತ್ತರ ಗೊತ್ತಿರಲಿಲ್ಲ. ಬಿಲ್ ಮನೆಗೆ ಬರುತ್ತದೆ ಅಂದರು. ಮೂರು ವಾರದ ಮೇಲೆ ಎರಡು ಬೇರೆ ಬೇರೆ ಲಕೋಟೆ ಬಂದವು. ಒಂದು ಕ್ಲಿನಿಕ್ಕಿನದು, ಇನ್ನೊಂದು ಎಕ್ಸ್‌ರೇ ನೋಡಿದ ಡಾಕ್ಟರದ್ದು. ಎರಡೂ ಸೇರಿ 640 ಡಾಲರ್. ನಾನು ಊರಿನಲ್ಲೇ ಪ್ರವಾಸದ ವಿಮೆ ಮಾಡಿಸಿದ್ದೆ. ಆದರೆ ಮೊದಲ ಒಂದಷ್ಟು ದುಡ್ಡು ನಾವೇ ಕೈಯಿಂದ ಕೊಡಬೇಕು, ಅದು ದಾಟಿದ ಮೇಲೆ ಕಂಪನಿ ಕೊಡುತ್ತದೆ ಅನ್ನೋ ಷರತ್ತು ಅದರಲ್ಲಿತ್ತು. ಹಾಗಾಗಿ ಅಷ್ಟೂ ನಮ್ಮ ತಲೆ ಮೇಲೆಯೇ ಬಂತು.

ನಮ್ಮ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂ ಉದ್ದ, ಬೆಂಚು ಮುರುಕು, ಇಲ್ಲ ಅನ್ನಲ್ಲ. ಆದರೆ ಕೈ ನೋವಿಗೆ ಹೋದವನು ಎಷ್ಟಾಗುತ್ತೋ ಅಂತ ಮೂರು ವಾರ ಹೆದರಿಕೊಂಡು ಕೂರುವುದಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಟೀಚರಮ್ಮ ಇದ್ದಾರೆ. ಮಂಡಿನೋವು ಇಟ್ಟುಕೊಂಡೇ 65 ತುಂಬುವವರೆಗೆ ಕೆಲಸ ಮಾಡಿದರಂತೆ. ಕೆಲಸ ಬಿಟ್ಟರೆ ವಿಮೆ ಹೋಗುತ್ತದೆ, 65ಕ್ಕೆ ಮೆಡಿಕೇರ್ ಅನ್ನೋ ಸರ್ಕಾರದ ವಿಮೆ ಸಿಗುತ್ತದೆ, ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದೆ ಅಂದರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನು ಅದು. ವಯಸ್ಸಾದವರಿಗೆ ಕೊಡಲು ಆಗುತ್ತೆ ಅಂದಮೇಲೆ ಐವತ್ತು ವರ್ಷದವರಿಗೆ, ಹತ್ತು ವರ್ಷದ ಮಗುವಿಗೆ ಯಾಕಾಗಲ್ಲ? ನನಗಂತೂ ಇದಕ್ಕೆ ಯಾರೂ ಒಪ್ಪುವಂಥ ಉತ್ತರ ಕೊಡಲಿಲ್ಲ.

ಮಧ್ಯಾಹ್ನ ಮನಸ್ಸು ಹಗುರಾಗಲಿ ಅಂತ ಮಗ ರೈಸ್ ಪಾರ್ಕ್ ಎದುರಿನ ದೊಡ್ಡ ಲೈಬ್ರರಿಗೆ ಬಿಟ್ಟ. 1917ರ ಕಟ್ಟಡ. ತಡವಾಗಿ ಪುಸ್ತಕ ತಂದರೆ ದಂಡ ಹಾಕುವುದನ್ನು ಈ ಊರು 2019ರಲ್ಲೇ ನಿಲ್ಲಿಸಿದೆ. ದಂಡಕ್ಕೆ ಹೆದರಿ ಬಡ ಮಕ್ಕಳು ಬರುವುದನ್ನೇ ಬಿಡುತ್ತಾರೆ ಅನ್ನೋ ಯೋಚನೆ. ಮನೆ ಇಲ್ಲದ ಇಬ್ಬರು ಮುದುಕರು ಚೀಲ ಪಕ್ಕದಲ್ಲಿಟ್ಟುಕೊಂಡು ಪೇಪರ್ ಓದುತ್ತಿದ್ದರು, ಯಾರೂ ಅವರನ್ನು ಎಬ್ಬಿಸಲಿಲ್ಲ. ಒಂದೇ ದಿನದಲ್ಲಿ ಒಂದೇ ಊರಿನ ಎರಡು ಬಾಗಿಲು ನೋಡಿದ ಹಾಗಾಯಿತು.

ಮಂಗಳವಾರ, ಮಾರ್ಚ್ 5

ಇವತ್ತು ಇಲ್ಲಿ ಓಟು. ನವೆಂಬರಿನ ಅಧ್ಯಕ್ಷ ಚುನಾವಣೆಗೆ ಯಾವ ಪಕ್ಷದಿಂದ ಯಾರು ನಿಲ್ಲಬೇಕು ಅಂತ ಜನರೇ ಆರಿಸುವ ಪ್ರೈಮರಿ. ಹದಿನೈದು ರಾಜ್ಯಗಳಲ್ಲಿ ಒಂದೇ ದಿನ, ಅದಕ್ಕೇ ಸೂಪರ್ ಟ್ಯೂಸ್‌ಡೇ.

ನನಗೆ ಇದು ಹಬ್ಬವಿದ್ದ ಹಾಗೆ. ಸರ್ಕಾರಿ ಮೇಷ್ಟ್ರಾದ ತಪ್ಪಿಗೆ, ಅಲ್ಲಲ್ಲ, ಪುಣ್ಯಕ್ಕೆ ಅನ್ನಬೇಕು, ನಾನು ಲೆಕ್ಕವಿಲ್ಲದಷ್ಟು ಚುನಾವಣೆಗಳಲ್ಲಿ ಡ್ಯೂಟಿ ಮಾಡಿದ್ದೇನೆ. ಮಸ್ಟರಿಂಗ್ ಕೇಂದ್ರದಲ್ಲಿ ಪೆಟ್ಟಿಗೆ ಎಣಿಸಿಕೊಂಡು, ಬಸ್ಸಿನಲ್ಲಿ ಕಾಫಿ ತೋಟದ ಮಧ್ಯೆ ಯಾವುದೋ ಶಾಲೆಗೆ ಹೋಗಿ, ಡೆಸ್ಕ್ ಮೇಲೆ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ಅಣಕು ಮತದಾನ ಮಾಡಿಸಿದ ದಿನಗಳು ನೆನಪಾದವು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದೇ.

ಮಗ ಈಗ ಅಲ್ಲಿನ ಪ್ರಜೆ. ಮತಗಟ್ಟೆ ಇದ್ದದ್ದು ಒಂದು ಚರ್ಚಿನ ಹಾಲ್‌ನಲ್ಲಿ. ನಾನು ಒಳಗೆ ಹೋಗುವಂತಿಲ್ಲ, ಹೊರಗೆ ಬೆಂಚಿನ ಮೇಲೆ ಕೂತೆ. ನೆನ್ನೆ ಹೇಳಿದ ಟೀಚರಮ್ಮನೇ ಅವತ್ತು ಅಲ್ಲಿ ಎಲೆಕ್ಷನ್ ಜಡ್ಜ್. ಹೆಸರಿಗೆ ಜಡ್ಜ್, ಕೆಲಸ ನಮ್ಮ ಪೋಲಿಂಗ್ ಆಫೀಸರದ್ದೇ. ಊಟದ ಬಿಡುವಿನಲ್ಲಿ ಹೊರಗೆ ಬಂದು ನನ್ನ ಪಕ್ಕ ಕೂತರು. ನನಗೂ ಈ ಕೆಲಸ ಗೊತ್ತು ಅಂದಾಗ ಅವರ ಮುಖ ಅರಳಿತು. ಒಂದು ಮತಗಟ್ಟೆಯ ಜಡ್ಜ್‌ಗಳಲ್ಲಿ ಒಂದೇ ಪಕ್ಷದವರು ಅರ್ಧಕ್ಕಿಂತ ಜಾಸ್ತಿ ಇರುವಂತಿಲ್ಲವಂತೆ. ಕಾಗದದ ಮತಪತ್ರ, ಪೆನ್ನಿನಿಂದ ಸೊನ್ನೆ ತುಂಬಬೇಕು, ಯಂತ್ರ ಓದಿ ಎಣಿಸುತ್ತದೆ, ಕಾಗದ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ.

ಆಶ್ಚರ್ಯ ಆಗಿದ್ದು ಇನ್ನೊಂದಕ್ಕೆ. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ಅವತ್ತೇ ಬಂದು ನೋಂದಾಯಿಸಿಕೊಂಡು ಓಟು ಹಾಕಬಹುದು. ವಿಳಾಸದ ಕಾಗದವೂ ಇಲ್ಲದಿದ್ದರೆ, ಅದೇ ಮತಗಟ್ಟೆಯ ಇನ್ನೊಬ್ಬ ಮತದಾರ 'ಇವರು ಇಲ್ಲೇ ಇರೋದು, ನನಗೆ ಗೊತ್ತು' ಅಂತ ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಎಷ್ಟು ಅಜ್ಜಿಯರನ್ನು ನಾನೇ ವಾಪಸ್ ಕಳಿಸಿದ್ದೇನೆ. ಒಬ್ಬರು ಮೂರು ಮೈಲಿ ನಡೆದು ಬಂದಿದ್ದರು. ನಿಯಮ ಹಾಗಿತ್ತು, ನಾನೇನೂ ಮಾಡುವ ಹಾಗಿರಲಿಲ್ಲ, ಆದರೂ ಆ ಮುಖ ಮರೆತಿಲ್ಲ. ಟೀಚರಮ್ಮನಿಗೆ ಅದನ್ನು ಹೇಳಿದೆ. ಅವರು ಏನೂ ಹೇಳದೆ ನನ್ನ ಬಲಗೈ ಹಿಡಿದುಕೊಂಡರು.

ಹಾಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ಮಂಗಳವಾರ ಕೆಲಸದ ದಿನ, ನಮ್ಮ ಹಾಗೆ ರಜೆ ಇಲ್ಲ. ಈ ರಾಜ್ಯದಲ್ಲಿ ಸಂಬಳ ಕಡಿತ ಮಾಡದೆ ಓಟಿಗೆ ಬಿಡಬೇಕು ಅನ್ನೋ ಕಾನೂನಿದೆ, ಅದು ದೇಶಕ್ಕೆಲ್ಲ ಇಲ್ಲ. ಪ್ರೈಮರಿಯಲ್ಲಿ ನೀವು ಯಾವ ಪಕ್ಷದ ಮತಪತ್ರ ಕೇಳಿದಿರಿ ಅನ್ನೋ ಪಟ್ಟಿ ಪಕ್ಷಗಳ ಮುಖಂಡರ ಕೈಗೆ ಹೋಗುತ್ತದೆ. ಇದು ನನಗೆ ಸರಿ ಕಾಣಲಿಲ್ಲ. ಇನ್ನು ಇಷ್ಟು ದೊಡ್ಡ ದೇಶಕ್ಕೆ ಕೊನೆಗೆ ಉಳಿಯುವುದು ಇಬ್ಬರು. ಆಗ ಬೈಡನ್‌ಗೆ 81, ಟ್ರಂಪ್‌ಗೆ 77. ನಾನು 60ಕ್ಕೆ ನಿವೃತ್ತನಾದೆ, ಮೈದಾನ ಹುಡುಗರಿಗೆ ಬಿಟ್ಟೆ. ಅದು ವಯಸ್ಸಾದವರಿಗೆ ಅವಮಾನ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ರಾತ್ರಿ ಟಿವಿ ಮುಂದೆ ಕೂತೆವು. ಮಿನ್ನೆಸೋಟದಲ್ಲಿ ಬೈಡನ್‌ರ ಡೆಮಾಕ್ರಟಿಕ್ ಪಕ್ಷದ ಕಡೆ ನೂರಕ್ಕೆ ಸುಮಾರು 19 ಜನ 'ಅನ್‌ಕಮಿಟೆಡ್', ಅಂದರೆ ಯಾವ ಅಭ್ಯರ್ಥಿಯ ಕಡೆಗೂ ಇಲ್ಲ, ಅಂತ ಗುರುತು ಹಾಕಿದ್ದರು. ಗಾಜಾ ಯುದ್ಧದ ವಿಷಯದಲ್ಲಿ ಬೈಡನ್ ಮೇಲೆ ಸಿಟ್ಟಾದವರು ಬಹಳ. ನಮ್ಮ ನೋಟಾ ಇದ್ದ ಹಾಗೆ ಅಂದುಕೊಂಡೆ, ಅಲ್ಲ. ಆ ಓಟಿನಿಂದ ಪಕ್ಷದ ಸಮಾವೇಶಕ್ಕೆ 11 ಪ್ರತಿನಿಧಿಗಳು ಸಿಕ್ಕರು. ಬೇಡ ಅಂದವರಿಗೂ ಒಳಗೆ ಕುರ್ಚಿ. ನಮ್ಮ ನೋಟಾಗೂ ಇಂಥ ಒಂದು ಬೆಲೆ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಬುಧವಾರ, ಮಾರ್ಚ್ 6

ಬೆಳಿಗ್ಗೆ ರಾಜ್ಯದ ಕ್ಯಾಪಿಟಲ್, ಅಂದರೆ ಅಲ್ಲಿನ ವಿಧಾನಸೌಧ. ಕಾಸ್ ಗಿಲ್ಬರ್ಟ್ ವಿನ್ಯಾಸ ಮಾಡಿದ್ದು, 1905ರಲ್ಲಿ ಬಾಗಿಲು ತೆರೆದದ್ದು. ಬಿಳಿ ಅಮೃತಶಿಲೆಯ ಗುಮ್ಮಟ, ಅದರ ಕೆಳಗೆ ಚಿನ್ನದ ಲೇಪದ ನಾಲ್ಕು ಕುದುರೆಗಳ ರಥ. ನಮ್ಮನ್ನು ಯಾರೂ ಪಾಸು ಕೇಳಲಿಲ್ಲ. ಶಾಲಾ ಮಕ್ಕಳು ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. 2023ರಲ್ಲಿ ಶಾಲೆಯ ಎಲ್ಲ ಮಕ್ಕಳಿಗೂ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ ಉಚಿತ ಅನ್ನೋ ಕಾನೂನು ಪಾಸಾಗಿದ್ದು ಇಲ್ಲೇ. ಅದಕ್ಕೆ ಮೊದಲು ಊಟದ ಬಾಕಿ ಮಕ್ಕಳ ಹೆಸರಲ್ಲಿ ಬರೆದಿಡುತ್ತಿದ್ದರು ಅಂತ ಸೊಸೆ ಹೇಳಿದಾಗ ನಂಬಲು ಆಗಲಿಲ್ಲ. ನಮ್ಮಲ್ಲಿ ಅಕ್ಷರ ದಾಸೋಹ ಶುರುವಾಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಬಿಸಿಯೂಟ ಬಂದ ಮೇಲೆ ಸಂಜೆ ಪ್ರಾಕ್ಟೀಸಿಗೆ ತಲೆ ಸುತ್ತಿ ಬೀಳುವ ಹುಡುಗರು ಕಮ್ಮಿಯಾಗಿದ್ದನ್ನು ನಾನು ಕಣ್ಣಾರೆ ಕಂಡವನು.

ಆ ಕಾನೂನಿಗೆ ಸಹಿ ಹಾಕಿದ ಗವರ್ನರ್ ಟಿಮ್ ವಾಲ್ಜ್ ಕೂಡ ಮೊದಲು ಮೇಷ್ಟ್ರು, ಫುಟ್‌ಬಾಲ್ ಕೋಚ್. 2024ರ ಆಗಸ್ಟಿನಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯಾದರು, ಗೆಲ್ಲಲಿಲ್ಲ. ಆಗ ಸದನದ ಸ್ಪೀಕರ್ ಆಗಿದ್ದವರು ಮೆಲಿಸಾ ಹಾರ್ಟ್‌ಮನ್. 2025ರ ಜೂನ್ 14ರಂದು ಪೊಲೀಸ್ ವೇಷದಲ್ಲಿ ಬಂದವನೊಬ್ಬ ಅವರನ್ನು, ಅವರ ಗಂಡನನ್ನು ಮನೆಯಲ್ಲೇ ಗುಂಡಿಕ್ಕಿ ಕೊಂದ. ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಪಾಸು ಕೇಳದ ಆ ಬಾಗಿಲು, ಮೆಟ್ಟಿಲ ಮೇಲಿನ ಮಕ್ಕಳು. ರಾಜಕೀಯದ ಸಿಟ್ಟು ಮನೆ ಬಾಗಿಲಿಗೆ ಬಂದೂಕು ತಂದರೆ ಅಂಥ ತೆರೆದ ಜಾಗಗಳು ಎಷ್ಟು ದಿನ ಉಳಿಯುತ್ತವೆ? ಅದನ್ನು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಲ್ಲಿಂದ ಗ್ರೀನ್ ಲೈನ್ ರೈಲು ಹತ್ತಿ ಪೇಟೆಗೆ ಬಂದೆವು. ಎರಡು ಡಾಲರ್ ಟಿಕೆಟ್. ಎಕ್ಸೆಲ್ ಎನರ್ಜಿ ಸೆಂಟರ್ ಅಂತ ಆಗ ಹೆಸರಿದ್ದ ದೊಡ್ಡ ಒಳಾಂಗಣ, ನಗರದ್ದೇ ಆಸ್ತಿ. ಅಲ್ಲಿ ಹೈಸ್ಕೂಲ್ ಹುಡುಗರ ರಾಜ್ಯ ಮಟ್ಟದ ಹಾಕಿ. 1945ರಿಂದ ನಡೆಯುತ್ತಿದೆ. ಹೈಸ್ಕೂಲ್ ಹುಡುಗರು, ಸ್ವಾಮಿ, ಅವರಿಗೆ ಸಾವಿರ ಸಾವಿರ ಜನ! ಉತ್ತರದ ಒಂದು ಸಣ್ಣ ಊರಿನವರು ಬಸ್ಸು ಮಾಡಿಕೊಂಡು ಬಂದಿದ್ದರು, ಊರಲ್ಲಿ ಇವತ್ತು ಬಾಗಿಲು ಹಾಕದ ಅಂಗಡಿಯೇ ಇಲ್ಲ ಅಂತ ಒಬ್ಬರು ಹೇಳಿದರು. ಅಜ್ಜಿಯರು ಶಾಲೆಯ ಬಣ್ಣದ ಸ್ವೆಟರ್ ಹಾಕಿದ್ದರು. ಸೋತ ಹುಡುಗರು ಅಳುತ್ತಾ ಸಾಲಾಗಿ ನಿಂತು ಗೆದ್ದವರ ಕೈ ಕುಲುಕಿದರು. ಇದನ್ನು ನಾನು ನೋಡಿರುವುದು ಕೊಡಗಿನ ಕೌಟುಂಬಿಕ ಹಾಕಿಯಲ್ಲಿ ಮಾತ್ರ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. 2024ರ ಮಾರ್ಚ್ ಕೊನೆಗೆ ನಾಪೋಕ್ಲುವಿನಲ್ಲಿ 360 ಕುಟುಂಬದ ತಂಡಗಳು ಆಡಲಿದ್ದವು, ನಾನು ಅಷ್ಟರೊಳಗೆ ವಾಪಸ್ ಹೋಗಲೇಬೇಕು ಅಂತ ಟಿಕೆಟ್ ಮಾಡಿಸಿದ್ದೆ. ಪಕ್ಕದ ಸೀಟಿನವರಿಗೆ ಅದನ್ನು ಹೇಳಿದೆ. ಒಂದೊಂದು ಮನೆತನವೇ ಒಂದು ತಂಡ, ಅಪ್ಪ ಮಗಳು ಒಟ್ಟಿಗೆ ಆಡಬಹುದು ಅಂದಾಗ ಅವರು ಆಟ ಬಿಟ್ಟು ನನ್ನ ಕಡೆಗೇ ತಿರುಗಿ ಕೂತರು.

ಗುರುವಾರ, ಮಾರ್ಚ್ 7

ಮೊಮ್ಮಗನಿಗೆ ಎರಡು ದಿನ ರಜೆ ಹಾಕಿಸಿ ಉತ್ತರಕ್ಕೆ ಹೊರಟೆವು. ಡುಲೂತ್ ಸುಮಾರು 240 ಕಿ.ಮೀ. ರಸ್ತೆ ಪಕ್ಕದ ಶೌಚಾಲಯಗಳು ಸರ್ಕಾರದವು, ಬಿಸಿನೀರು, ಕಾಗದ, ಎಲ್ಲಾ ಇತ್ತು, ದುಡ್ಡಿಲ್ಲ. ಹೆಂಡತಿ ಇದೊಂದನ್ನೇ ಊರಿಗೆ ತೆಗೆದುಕೊಂಡು ಹೋಗಬೇಕು ಅಂದಳು. ಹೆಣ್ಣುಮಕ್ಕಳಿಗೆ ಪ್ರಯಾಣ ಅಂದರೆ ಮೊದಲ ಚಿಂತೆ ಅದೇ ತಾನೆ. ಸುಪೀರಿಯರ್ ಸರೋವರ ಸಮುದ್ರದ ಹಾಗಿತ್ತು.

ಶುಕ್ರವಾರ, ಮಾರ್ಚ್ 8

ಡುಲೂತ್‌ನಿಂದ ಒಂದು ಗಂಟೆ ಮೇಲೆ ಪ್ರಯಾಣ ಮಾಡಿದರೆ ಇವ್ಲೆತ್. ಕಬ್ಬಿಣದ ಅದಿರಿನ ಗಣಿ ಊರು. ಮಣ್ಣು ಕೆಂಪು, ಸಂಡೂರಿನ ಕಡೆ ಹೋದ ಹಾಗೇ ಅನ್ನಿಸಿತು. ಇಷ್ಟು ಸಣ್ಣ ಊರಿನಲ್ಲಿ ಅಮೆರಿಕದ ಹಾಕಿ ಹಾಲ್ ಆಫ್ ಫೇಮ್ ಇದೆ. ಬೀದಿಯಲ್ಲಿ 110 ಅಡಿಯ ಮರದ ಹಾಕಿ ಸ್ಟಿಕ್ ನಿಲ್ಲಿಸಿದ್ದಾರೆ.

ಒಳಗೆ ನಾನು ಬಹಳ ಹೊತ್ತು ನಿಂತದ್ದು 1980ರ ಫೋಟೋಗಳ ಮುಂದೆ. ಫೆಬ್ರವರಿ 22, ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್. ಕಾಲೇಜು ಹುಡುಗರ ಅಮೆರಿಕ ತಂಡ ಸೋವಿಯತ್ ಒಕ್ಕೂಟವನ್ನು 4-3ರಿಂದ ಸೋಲಿಸಿತು. ಕೋಚ್ ಹರ್ಬ್ ಬ್ರೂಕ್ಸ್ ಸೇಂಟ್ ಪಾಲ್‌ನವರು, 20 ಆಟಗಾರರಲ್ಲಿ 12 ಮಂದಿ ಮಿನ್ನೆಸೋಟದವರು. ಗೆಲುವಿನ ಗೋಲಿಗೆ ಪಾಸ್ ಕೊಟ್ಟ ಮಾರ್ಕ್ ಪಾವೆಲಿಚ್ ಇದೇ ಇವ್ಲೆತ್‌ನ ಹುಡುಗ.

ಅದೇ ವರ್ಷ ಜುಲೈ 29, ಮಾಸ್ಕೋ. ನಮ್ಮ ಹಾಕಿ ತಂಡ ಸ್ಪೇನ್ ವಿರುದ್ಧ ಗೆದ್ದು ಚಿನ್ನ ತಂದಿತು. ಸ್ಕೋರು ಅದೂ 4-3. ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ನನಗೆ ಆಗ 19. ರೇಡಿಯೋ ಮುಂದೆ ಕೂತು ಕುಣಿದಿದ್ದೆವು. ಮೇಷ್ಟ್ರಾಗಬೇಕು, ಹಾಕಿ ಕಲಿಸಬೇಕು ಅಂತ ನಿರ್ಧಾರ ಮಾಡಿದ್ದು ಅವತ್ತು ರಾತ್ರಿ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ನುಗ್ಗಿತು ಅಂತ ಅಮೆರಿಕದ ಅಧ್ಯಕ್ಷ ಕಾರ್ಟರ್ ಮಾಸ್ಕೋವನ್ನು ಬಹಿಷ್ಕರಿಸಿದ್ದರು. ಪಶ್ಚಿಮ ಜರ್ಮನಿ, ಪಾಕಿಸ್ತಾನ, ಆಸ್ಟ್ರೇಲಿಯಾದ ಹಾಕಿ ತಂಡಗಳು ಬರಲಿಲ್ಲ. ಹಾಕಿಯಲ್ಲಿ ಆರೇ ತಂಡ. ಅದಾದ ಮೇಲೆ ನಮಗೆ ಹಾಕಿಯಲ್ಲಿ ಒಲಿಂಪಿಕ್ ಚಿನ್ನ ಸಿಕ್ಕೇ ಇಲ್ಲ. ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. 'ಹಾಗಾದ್ರೆ ಅದು ನಿಜವಾದ ಗೆಲುವಲ್ವಾ ತಾತ?' ಅಂತ ಕೇಳಿದ. ಬಂದವರ ಜೊತೆ ಆಡಿ ಗೆದ್ದಿದ್ದಾರೆ, ಬರದೇ ಇದ್ದದ್ದು ಆಟಗಾರರ ತಪ್ಪಲ್ಲ, ಅವರೂ ನಾಲ್ಕು ವರ್ಷ ಬೆವರು ಸುರಿಸಿದ್ದರು ಅಂದೆ. ಆಡಲು ಸಿಗದೆ ಹೋದ ಆ ಆಟಗಾರರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಮಧ್ಯಾಹ್ನ ಒಂದು ಹೋಟೆಲಿನಲ್ಲಿ ನಿವೃತ್ತ ಗಣಿ ಕೆಲಸಗಾರರೊಬ್ಬರು ಮಾತಿಗೆ ಸಿಕ್ಕರು. ಅಪ್ಪ, ಅಜ್ಜ ಎಲ್ಲಾ ಯೂನಿಯನ್‌ನವರು, ಡೆಮಾಕ್ರಟಿಕ್ ಪಕ್ಷ ಬಿಟ್ಟವರಲ್ಲ. ಇವರು ಈಗ ಟ್ರಂಪ್ ಕಡೆ. 'ನಮ್ಮ ಗಣಿ ಮುಚ್ಚುವ ಮಾತಾಡುತ್ತಾರೆ, ನಮ್ಮ ಜೊತೆ ಮಾತಾಡುವುದಿಲ್ಲ' ಅಂದರು. ಈ ಕ್ಷೇತ್ರ 2018ರಲ್ಲಿ ರಿಪಬ್ಲಿಕನ್ ಪಕ್ಷದ ಪೀಟ್ ಸ್ಟಾಬರ್ ಕೈಗೆ ಹೋಯಿತು. ಅವರು ಡುಲೂತ್‌ನ ಪೊಲೀಸ್ ಆಗಿದ್ದವರು, ಕಾಲೇಜು ಹಾಕಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದವರು. ನಾನು ಆ ಗಣಿ ಕೆಲಸಗಾರರ ಓಟನ್ನು ಒಪ್ಪಲಿಲ್ಲ, ಆದರೆ ಅವರ ನೋವು ಸುಳ್ಳಲ್ಲ. ಕೇಳಿಸಿಕೊಳ್ಳುವವರಿಲ್ಲದ ಕಡೆ ಜನ ಬೇರೆ ಬಾಗಿಲು ತಟ್ಟುತ್ತಾರೆ.

ಸಂಜೆ ಪಾಲ್ ವೆಲ್‌ಸ್ಟೋನ್ ಸ್ಮಾರಕಕ್ಕೆ ಹೋದೆವು, ಊರಿನ ಹೊರಗೆ, ಮರಗಳ ಮಧ್ಯೆ. ಇಲ್ಲಿನ ಸೆನೆಟರ್. 2002ರ ಅಕ್ಟೋಬರ್ 25ರಂದು ಚುನಾವಣೆಗೆ ಹತ್ತು ಹನ್ನೊಂದು ದಿನ ಇರುವಾಗ ಹತ್ತಿರದಲ್ಲೇ ವಿಮಾನ ಬಿದ್ದು, ಹೆಂಡತಿ, ಮಗಳು ಸೇರಿ ಎಂಟು ಜನ ತೀರಿಕೊಂಡರು. ಅವರು ಹೋರಾಡಿದ್ದ ಒಂದು ಕಾನೂನು 2008ರಲ್ಲಿ ಅವರದೇ ಹೆಸರಲ್ಲಿ ಬಂತು: ಮೈಯ ಕಾಯಿಲೆಗೆ ವಿಮೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಅಂತ. ಪಟ್ಟಿ ಕಟ್ಟಿದ ಕೈ ಇಟ್ಟುಕೊಂಡು ಅದನ್ನು ಮಗನ ಬಾಯಲ್ಲಿ ಕೇಳಿದೆ. ಬದುಕಿದ್ದಿದ್ದರೆ ಇನ್ನೂ ಏನೇನು ಮಾಡುತ್ತಿದ್ದರೋ ಅನ್ನಿಸಿತು.

ಶನಿವಾರ, ಮಾರ್ಚ್ 9

ಸಂಜೆ ಹೊತ್ತಿಗೆ ಸೇಂಟ್ ಪಾಲ್‌ಗೆ ವಾಪಸ್. ಊರಿನಿಂದ ಬೆಡ್‌ಶೀಟ್ ಸುತ್ತಿ ತಂದಿದ್ದ ನಮ್ಮ ಹಾಕಿ ಸ್ಟಿಕ್ಕನ್ನು ಇಷ್ಟು ದಿನ ಕೊಟ್ಟಿರಲಿಲ್ಲ, ರಿಂಕ್ ಕರಗಿದ ಬೇಜಾರಿನಲ್ಲಿ ಮರೆತೇ ಹೋಗಿತ್ತು. ಮೊಮ್ಮಗನ ಕೈಗಿಟ್ಟೆ. ಗ್ಯಾರೇಜ್ ಮುಂದಿನ ಸಿಮೆಂಟಿನ ಮೇಲೆ ಟೆನ್ನಿಸ್ ಚೆಂಡು ಇಟ್ಟು ಶುರು ಮಾಡಿದ. ಪಕ್ಕದ ಟೀಚರಮ್ಮನ ಮೊಮ್ಮಗಳು ಓಡಿ ಬಂದಳು, ಎದುರು ಮನೆಯ ಸೊಮಾಲಿ ಹುಡುಗರಿಬ್ಬರು ಬಂದರು, ಅವರ ಹತ್ತಿರ ಸ್ಟಿಕ್ ಇರಲಿಲ್ಲ, ಸೊಸೆ ಗ್ಯಾರೇಜಿನಿಂದ ಹಳೆಯ ಸ್ಟಿಕ್‌ಗಳನ್ನು ಹುಡುಕಿ ತಂದುಕೊಟ್ಟಳು. ನಾನು ಎರಡು ಕಸದ ಡಬ್ಬಿ ಇಟ್ಟು ಗೋಲು ಮಾಡಿದೆ. ಮೊಮ್ಮಗ ಸ್ಟಿಕ್ ತಿರುಗಿಸಿ ಉಬ್ಬಿದ ಬದಿಯಿಂದ ಹೊಡೆದ. ಬಲಗೈ ಬೆರಳು ಬಾಯಿಗಿಟ್ಟು ಜೋರಾಗಿ ಶಿಳ್ಳೆ ಹಾಕಿದೆ.

'ಬ್ಯಾಕ್ ಸ್ಟಿಕ್!'

ನಾಲ್ಕೂ ಮಕ್ಕಳು ಆಟ ನಿಲ್ಲಿಸಿ, ಅದೇನು ಅಂತ ತಿಳಿಯಲು ನನ್ನ ಹತ್ತಿರ ಬಂದರು.